ಗಾಳಿರಾಯನ ಪಾಲಿನ ಗಿಣ್ಣು

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಮಳೆಗಾಲ, ಚಳಿಗಾಲ, ಬೇಸಿಗೆ ಅಂತ ಮೂರು ಕಾಲಗಳೇನೋ ಹುಟ್ಟಿದ್ದವು. ಆದರೆ ಯಾರು ಯಾವಾಗ ಬರಬೇಕು ಅನ್ನುವುದು ಇನ್ನೂ ತೀರ್ಮಾನವಾಗಿರಲಿಲ್ಲ. ಚಳಿಗಾಲ ಅರ್ಧ ಆಗಿದ್ದಾಗಲೇ ಮಳೆ ಹೇಳದೆ ಕೇಳದೆ ನುಗ್ಗಿಬಿಡುತ್ತಿತ್ತು. ಆಗ ಹಸುವಿನ ಮೂಗು ನಮ್ಮ ನಿಮ್ಮ ಮೂಗಿನ ಹಾಗೆ ಒಣಗಿಕೊಂಡಿತ್ತು.

ಆ ಕಾಲದಲ್ಲಿ ಪುಟ್ಟನಂಜಿ ಅಂತ ಒಬ್ಬಳಿದ್ದಳು. ಗಂಡ ದ್ಯಾವಣ್ಣ, ಕೆಂದಿ ಅನ್ನುವ ಹಸು, ಒಂದು ಕೊಟ್ಟಿಗೆ, ಒಂದು ರಾಗಿ ಹೊಲ. ಇಷ್ಟೇ ಅವಳ ಸಂಸಾರ. ಮಳೆಗಾಲದಲ್ಲಿ ಕೆಂದಿಗೆ ಹಸಿಹುಲ್ಲು, ಬೇಸಿಗೆಯಲ್ಲಿ ಮೆದೆ ಒಟ್ಟಿಟ್ಟ ರಾಗಿಹುಲ್ಲು. ಕೆಂದಿಯ ಹೊಟ್ಟೆ ತುಂಬಿದರೆ ಮನೆಯವರ ಹೊಟ್ಟೆಯೂ ತುಂಬುತ್ತಿತ್ತು.

ಮಳೆಯ ಸುದ್ದಿಯನ್ನು ಮುಂಚೆಯೇ ತರುತ್ತಿದ್ದವನು ಗಾಳಿರಾಯ. ಕೊಟ್ಟಿಗೆಯ ಸೂರಿನೊಳಗೆ ತಲೆ ಹಾಕಿ, "ಪುಟ್ಟನಂಜವ್ವ, ನಾಳೆ ಮಳೆ ಕಣವ್ವ, ಹುಲ್ಲು ಒಳಕ್ಕೆ ಹಾಕ್ಕೋ" ಅನ್ನುತ್ತಿದ್ದ.

ಒಂದು ಚಳಿಗಾಲ ಕೆಂದಿ ಕರು ಹಾಕಿತು. ಪುಟ್ಟನಂಜಿ ಆ ಹೊಸ ಹಾಲಿಗೆ ಬೆಲ್ಲ ಹಾಕಿ ಗಿಣ್ಣು ಕಾಸಿದಳು. ಗಿಣ್ಣನ್ನು ಮನೆಯವರೇ ತಿಂದು ಮುಗಿಸುವ ಹಾಗಿಲ್ಲ. ನೆರೆಹೊರೆಯ ಬಾಗಿಲು ಬಾಗಿಲಿಗೂ ಒಂದೊಂದು ಬಟ್ಟಲು ಹೋಗಬೇಕು. ಇರುವೆಯ ಬಾಗಿಲಿಗೆ ಕೊಟ್ಟಳು. ಮೊಲದ ಬಾಗಿಲಿಗೆ ಕೊಟ್ಟಳು. ಗುಬ್ಬಚ್ಚಿಯ ಬಾಗಿಲಿಗೂ ಕೊಟ್ಟಳು.

ಗಾಳಿಗೆ ಬಾಗಿಲೆಲ್ಲಿದೆ? ಬಾಗಿಲಿಲ್ಲದವನು ಅವಳ ನೆನಪಿಗೇ ಬರಲಿಲ್ಲ. ಗಾಳಿರಾಯ ಮುಖ ಊದಿಸಿಕೊಂಡು ಗುಡ್ಡದ ಹಿಂದೆ ಹೋಗಿ ಕೂತ. ಊದುವುದು ಅವನಿಗೆ ಹೇಳಿಕೊಡಬೇಕೇ!

ರಾಗಿ ಕೊಯ್ಲು ಶುರುವಾಯಿತು. ಅರ್ಧ ಹೊಲ ಕೊಯ್ದು, ತೆನೆ ಬಡಿದು, ಹುಲ್ಲನ್ನು ಒಣಗಲು ಹರಡಿದ್ದರು. ಸುದ್ದಿ ಸುಳಿವು ಇಲ್ಲದೆ ಮಳೆ ಬಂತು. ಹರಡಿದ ಹುಲ್ಲೆಲ್ಲ ಕಪ್ಪಗಾಗಿ ಕೊಳೆತುಹೋಯಿತು.

"ಇನ್ನರ್ಧ ಹೊಲ ಐತಲ್ಲ, ಬುಡಮ್ಮಿ" ಅಂದ ದ್ಯಾವಣ್ಣ.

"ಅದೂ ನೆಂದ್ರೆ? ಬೇಸಿಗೇಲಿ ಕೆಂದಿಗೆ ಏನ್ ಹಾಕಾನ? ಕರ ಉಳಿತದಾ?" ಪುಟ್ಟನಂಜಿಗೆ ಅಳು ಬಂತು. ಅಳುತ್ತಾ ಅಳುತ್ತಾ ಅವಳಿಗೆ ಥಟ್ಟನೆ ನೆನಪಾಯಿತು. ಗಿಣ್ಣು ಕೊಟ್ಟ ದಿನದಿಂದ ಗಾಳಿ ಮನೆಯ ಕಡೆ ಸುಳಿದೇ ಇಲ್ಲ!

ಪಾತ್ರೆಯ ತಳದಲ್ಲಿ ಚಳಿಗೆ ಕೆಡದೆ ಉಳಿದಿದ್ದ ಒಂದೇ ಒಂದು ಬಟ್ಟಲು ಗಿಣ್ಣು ಹಿಡಿದು ಗುಡ್ಡ ಹತ್ತಿದಳು. ಕೆಂದಿಯೂ ಹಿಂದೆ ಹೋಯಿತು.

"ತಪ್ಪಾಯ್ತು ಕಣಪ್ಪ ಗಾಳಿರಾಯ, ಮರ್ತುಬುಟ್ಟೆ."

"ಇರುವೆ ನೆನಪಾಯ್ತು, ನಾನು ಆಗ್ಲಿಲ್ವಾ?" ಅಂತ ಗಾಳಿ ಬುಸ್ಸೆಂದು ಬಂದ. ಅವನಿಗೆ ಕೈಯಿಲ್ಲವಲ್ಲ. ಬಂದ ರಭಸಕ್ಕೆ ಬಟ್ಟಲು ಮಗುಚಿ ಗಿಣ್ಣೆಲ್ಲ ಬಂಡೆಯ ಪಾಲಾಯಿತು.

ಪುಟ್ಟನಂಜಿ ತಲೆಯ ಮೇಲೆ ಕೈ ಹೊತ್ತು ಕೂತಳು. ಗಾಳಿಯೂ ಪೆಚ್ಚಾಗಿ ನಿಂತ.

ಆಗ ಕೆಂದಿ ಮುಂದೆ ಬಂತು. ಬಂಡೆಯ ಮೇಲೆ ಮೂಗನ್ನು ಒತ್ತಿ, ಗಿಣ್ಣು ಮೆತ್ತಿದ ಮೂಗನ್ನು ಮೇಲೆತ್ತಿ ಹಿಡಿಯಿತು. "ನಿಂಗೆ ಬಾಗಿಲೂ ಇಲ್ಲ, ಬಟ್ಟಲೂ ಇಲ್ಲ. ಇಲ್ಲಿಂದ್ಲೇ ತಿನ್ನು ಗಾಳಿಯಪ್ಪ" ಅಂದಿತು.

ಗಾಳಿ ಮೆಲ್ಲಗೆ ಬಂದ. ಮೆಲ್ಲಗೆ ಮೂಗು ಸವರಿದ. ಸಿಹಿಯಾಗಿತ್ತು, ತಣ್ಣಗಿತ್ತು. ಅವನ ಸಿಟ್ಟು ಇಳಿಯಿತು. ಆದರೂ ಬಿಗುಮಾನ ಬಿಡದೆ, "ಇವತ್ತೇನೋ ಆಯ್ತು. ನಾಳೆ?" ಅಂದ.

"ದಿನಾ ಬಾ. ನೆಕ್ಕಿ ನೆಕ್ಕಿ ಮೂಗನ್ನ ಒದ್ದೆಯಾಗೇ ಇಟ್ಕೊಂಡಿರ್ತೀನಿ. ಇದೇ ನಿನ್ನ ಬಟ್ಟಲು. ನೀನು ಮಾತ್ರ ಸುದ್ದಿ ತರೋದು ಬಿಡಬ್ಯಾಡ."

ಉಳಿದ ಅರ್ಧ ಹೊಲವನ್ನೂ ಕೊಯ್ದರು. ಹುಲ್ಲು ಹರಡಿದರು. ಮೂರನೆಯ ದಿನ ಬೆಳಿಗ್ಗೆ ಗಾಳಿ ಮೂಗು ಸವರಿ ಹೋದದ್ದೇ ಕೆಂದಿ ಮೆಲುಕು ನಿಲ್ಲಿಸಿ, ಮೂಗು ನೆಕ್ಕಿ, ಮುಖವೆತ್ತಿ "ಅಂಬಾ" ಅಂದಿತು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಆದರೂ ಪುಟ್ಟನಂಜಿ ಸೊಂಟಕ್ಕೆ ಸೆರಗು ಸಿಕ್ಕಿಸಿ, ಗಂಡನನ್ನು ಕೂಗಿ ಕರೆದು, ಸಂಜೆಯೊಳಗೆ ಮೆದೆ ಒಟ್ಟಿಸಿದಳು. ಕೊನೆಯ ಕಂತೆ ಏರಿಸುವಾಗ ಮೊದಲ ಹನಿ ಬಿತ್ತು. ಮಳೆ ಮೆದೆಯ ಮೇಲಿಂದ ಜಾರಿಹೋಯಿತು, ಒಳಗಿನ ಹುಲ್ಲು ಬೆಚ್ಚಗಿತ್ತು. ಆ ಬೇಸಿಗೆಯಲ್ಲಿ ಕರು ಕೊಟ್ಟಿಗೆಯ ತುಂಬ ಕುಣಿದಾಡಿತು.

ಅದಕ್ಕೇ ಮರಿ, ಇವತ್ತಿಗೂ ಹಸು ಮೂಗು ನೆಕ್ಕುತ್ತಲೇ ಇರುತ್ತದೆ. ಮೂಗು ಒಣಗಿದ್ದರೆ ನಿನ್ನ ಅಜ್ಜಿ ಗಾಬರಿಯಾಗಿ ದನದ ಡಾಕ್ಟರಿಗೆ ಹೇಳಿಕಳಿಸುತ್ತಾಳೆ. ನೀನು ಮುಟ್ಟಿದಾಗ ತಣ್ಣಗೆ ಒದ್ದೆಯಾಗಿದ್ದರೆ ಭಯವಿಲ್ಲ, ಗಾಳಿರಾಯನ ಬಟ್ಟಲು ತುಂಬಿದೆ.