ಉಪವಾಸದ ಮನೆಯ ಸೇಬಿನ ಡೋನಟ್

ಮೈಸೂರಿನ ಒಂದು ಹಳೆಯ ಬೀದಿಯಲ್ಲಿ ಅಂಬುಜಾಕ್ಷಿ ಎಂಬ ಗೃಹಿಣಿ ಇದ್ದಳು. ಅವಳ ಗಂಡ ಶೇಷಾದ್ರಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಇಬ್ಬರಿಗೂ ಮಕ್ಕಳೆಂದರೆ ಪ್ರಾಣ, ಆದರೆ ಅವರಿಗೆ ಮಕ್ಕಳಿರಲಿಲ್ಲ. ವರ್ಷವೆಲ್ಲ ಬಿಕೋ ಎನ್ನುತ್ತಿದ್ದ ಆ ಮನೆಗೆ ಜೀವ ಬರುತ್ತಿದ್ದದ್ದು ನವರಾತ್ರಿಯಲ್ಲಿ ಮಾತ್ರ.

ಯಾಕೆ ಗೊತ್ತೇ? ನವರಾತ್ರಿಯಲ್ಲಿ ಅಂಬುಜಾಕ್ಷಿ ಗೊಂಬೆ ಕೂರಿಸುತ್ತಿದ್ದಳು. ಸಂಜೆಯಾದರೆ ಬೀದಿಯ ಮಕ್ಕಳು ಗುಂಪು ಕಟ್ಟಿಕೊಂಡು ಬಂದು, "ಗೊಂಬೆ ಕೂರ್ಸಿದೀರಾ?" ಎಂದು ಮನೆಮನೆಯ ಬಾಗಿಲಲ್ಲಿ ಕೂಗುತ್ತಿದ್ದರು. ಗೊಂಬೆ ನೋಡಿದ ಮಕ್ಕಳ ಕೈಗೆ ಏನಾದರೂ ತಿಂಡಿ ಕೊಡಬೇಕು. ಅದೇ ಬೊಂಬೆ ಬಾಗಿನ. ನಿಜ ಹೇಳಬೇಕೆಂದರೆ ಮಕ್ಕಳು ಬರುವುದು ಗೊಂಬೆಗಾಗಿ ಅಲ್ಲ, ಬಾಗಿನಕ್ಕಾಗಿ. ಇದು ಗೊಂಬೆಗಳಿಗೂ ಗೊತ್ತು.

ಆ ವರ್ಷ ಮಳೆ ಮುಗಿದು ಬಿಸಿಲು ತಿಳಿಯಾಗುವ ಹೊತ್ತಿಗೆ ಮಾರುಕಟ್ಟೆಗೆ ಉತ್ತರದ ಬೆಟ್ಟಗಳಿಂದ ಲಾರಿಗಟ್ಟಲೆ ಸೇಬು ಬಂತು. ಎಲ್ಲ ಮನೆಯಲ್ಲೂ ಅದೇ ಕಡಲೆ ಉಸಲಿ, ಅದೇ ಕೊಬ್ಬರಿ ಮಿಠಾಯಿ. ತಾನು ಬೇರೆ ಏನಾದರೂ ಮಾಡಬೇಕು ಎಂದು ಅಂಬುಜಾಕ್ಷಿಗೆ ಅನ್ನಿಸಿತು. ಫೋನಿನಲ್ಲಿ ಒಂದು ವಿಡಿಯೋ ಕಣ್ಣಿಗೆ ಬಿತ್ತು. ದೂರದ ಯಾವುದೋ ಚಳಿ ದೇಶದಲ್ಲಿ ಸೇಬಿನ ಕಾಲ ಬಂದರೆ ಜನ ಹಣ್ಣು ಹಿಂಡಿ ರಸ ತೆಗೆದು, ಅದನ್ನು ಮಂದವಾಗುವ ತನಕ ಕುದಿಸಿ, ಹಿಟ್ಟಿಗೆ ಬೆರೆಸಿ ಡೋನಟ್ ಕರಿಯುತ್ತಾರಂತೆ. ನೋಡಲು ನಡುವೆ ತೂತಿರುವ ನಮ್ಮ ಉದ್ದಿನ ವಡೆಯ ಹಾಗೆ, ಆದರೆ ಸಿಹಿ. ಮೇಲೆ ಚಕ್ಕೆಪುಡಿ ಬೆರೆಸಿದ ಸಕ್ಕರೆ.

"ಈ ಸಲ ಇದೇ ಬಾಗಿನ," ಎಂದು ಅಂಬುಜಾಕ್ಷಿ ತೀರ್ಮಾನಿಸಿಬಿಟ್ಟಳು.

ನವರಾತ್ರಿಯ ಮೊದಲ ದಿನ ಡೋನಟ್ ಕರಿದಳು. ರಸ ಮಂದವಾಗುವವರೆಗೆ ಕಾಯಲು ಪುರುಸೊತ್ತಿರಲಿಲ್ಲ, ಹಾಗೇ ಸುರಿದಳು. ಹಿಟ್ಟು ನೀರಾಯಿತು. ಮತ್ತಷ್ಟು ಮೈದಾ ಸೇರಿಸಿದಳು. ಉರಿ ಜೋರು ಮಾಡಿದಳು. ಡೋನಟ್ ಬೇಗ ಕೆಂಪಾಯಿತು. ಸಕ್ಕರೆಯಲ್ಲಿ ಹೊರಳಿಸಿ ಬೆಳ್ಳಿ ತಟ್ಟೆಯಲ್ಲಿ ಜೋಡಿಸಿದಾಗ ಎಷ್ಟು ಚೆಂದ ಕಾಣಿಸಿತೆಂದರೆ, ಅವಳಿಗೇ ಹೆಮ್ಮೆಯಾಯಿತು.

ಆದರೆ ರುಚಿ ನೋಡಿದವರು ಯಾರು? ನೈವೇದ್ಯಕ್ಕೆ ಮುಂಚೆ ಬಾಯಿಗೆ ಹಾಕುವ ಹಾಗಿಲ್ಲ. ನೈವೇದ್ಯವಾದ ಮೇಲೆ ಅವಳು ತಿನ್ನುವ ಹಾಗಿಲ್ಲ, ಯಾಕೆಂದರೆ ಮದುವೆಯಾದಾಗಿನಿಂದ ಅವಳಿಗೆ ನವರಾತ್ರಿ ಪೂರ್ತಿ ಉಪವಾಸ, ಹಾಲು ಹಣ್ಣು ಬಿಟ್ಟರೆ ಏನೂ ಇಲ್ಲ. ಶೇಷಾದ್ರಿಗೆ ಸಕ್ಕರೆ ಕಾಯಿಲೆ. ಅವನು ತಟ್ಟೆಯನ್ನು ದೂರದಿಂದಲೇ ನೋಡಿ, "ಬಹಳ ಚೆನ್ನಾಗಿದೆ ಕಣೇ," ಎಂದ. ಡ್ರಾಯಿಂಗ್ ಮೇಷ್ಟ್ರಲ್ಲವೇ, ನೋಡಿಯೇ ಮಾರ್ಕ್ಸ್ ಕೊಟ್ಟುಬಿಟ್ಟ. ಹೀಗೆ ಆ ಡೋನಟ್ ದೇವರ ಮುಂದೆ ಹೋಯಿತು, ತಟ್ಟೆಗೆ ಹೋಯಿತು, ಬಾಗಿಲಿಗೆ ಹೋಯಿತು. ಮನೆಯವರ ಒಂದು ಬಾಯಿಗೂ ಹೋಗಲಿಲ್ಲ.

ಮೊದಲ ಸಂಜೆ ಮನೆ ತುಂಬ ಮಕ್ಕಳು. ಎರಡನೆಯ ಸಂಜೆ ಅರ್ಧದಷ್ಟೂ ಇರಲಿಲ್ಲ. ಜೊತೆಗೆ ಬಂದ ಹೆಂಗಸರು, "ಚೆನ್ನಾಗಿ ಮಾಡಿದೀರ ರೀ, ಮನೇಗೆ ತಗೊಂಡು ಹೋಗಿ ತಿಂತೀವಿ," ಎಂದು ಪೇಪರಿನಲ್ಲಿ ಸುತ್ತಿಕೊಂಡರು. ಮೂರನೆಯ ಸಂಜೆ ಅಂಬುಜಾಕ್ಷಿ ದೀಪ ಹಚ್ಚಿ ಬಾಗಿಲಲ್ಲಿ ನಿಂತಳು. ಮಕ್ಕಳ ಗುಂಪು ಎದುರು ಮನೆಗೆ ಹೋಯಿತು, ಪಕ್ಕದ ಮನೆಗೆ ಹೋಯಿತು. ಇವಳ ಗೇಟಿನ ಮುಂದೆ ಬಂದಾಗ ಮಾತ್ರ ಎಲ್ಲರೂ ಏನೋ ಅವಸರವಿದ್ದವರ ಹಾಗೆ ಓಡಿಬಿಟ್ಟರು.

ಒಬ್ಬಳು ಮಾತ್ರ ಒಳಗೆ ಬಂದಳು. ಮೂಲೆಮನೆಯ ಇಂಚರ, ಮೂರನೇ ಕ್ಲಾಸಿನ ಹುಡುಗಿ. ಗೊಂಬೆಗಳನ್ನು ಒಂದೊಂದಾಗಿ ನೋಡಿದಳು. ತಟ್ಟೆ ಮುಂದೆ ಬಂದಾಗ ಕೈ ಚಾಚಲಿಲ್ಲ.

"ತಗೋ ಪುಟ್ಟಿ, ನಾಚಿಕೆ ಯಾಕೆ?" ಎಂದಳು ಅಂಬುಜಾಕ್ಷಿ.

ಇಂಚರ ತಲೆ ಎತ್ತಿ ಕೇಳಿದಳು. "ಆಂಟಿ, ಇದನ್ನ ನೀವು ತಿಂದಿದೀರಾ?"

ಆ ಮಾತಿನಲ್ಲಿ ಅಧಿಕಪ್ರಸಂಗ ಇರಲಿಲ್ಲ. ತಿಳಿದುಕೊಳ್ಳಬೇಕು ಎಂದೇ ಕೇಳಿದ್ದಳು. ಅಂಬುಜಾಕ್ಷಿ 'ಹೂಂ' ಅನ್ನಲು ಬಾಯಿ ತೆರೆದಳು. ರಾಜ ರಾಣಿಯರ ಪಟ್ಟದ ಗೊಂಬೆಗಳು ಎದುರಿಗೇ ಕೂತಿದ್ದವು. ಸುಳ್ಳು ಹೊರಡಲಿಲ್ಲ.

ಹುಡುಗಿ ಹೋದ ಮೇಲೆ ಅವಳು ಹೊರಗೆ ಬಂದು ನೋಡಿದಳು. ಗೇಟಿನಾಚೆಯ ಹೊಂಗೆಮರದ ಬುಡದಲ್ಲಿ ಅವಳ ಡೋನಟ್‌ಗಳು ಬಿದ್ದಿದ್ದವು, ಒಂದೊಂದರಲ್ಲೂ ಒಂದೇ ಬಾರಿ ಕಚ್ಚಿದ ಗುರುತು ಕಾಣುತ್ತಿತ್ತು. ಕಾಗೆ ಕೂಡ ಮುಟ್ಟಿರಲಿಲ್ಲ. ವರ್ಷಕ್ಕೊಮ್ಮೆ ಬರುವ ಮಕ್ಕಳು, ಅವರನ್ನೂ ತಾನೇ ಕೈಯಾರೆ ಓಡಿಸಿದ್ದಳು.

ಅವಳು ಸೀದಾ ಒಳಗೆ ಹೋದಳು. ನೈವೇದ್ಯವಾಗಿದ್ದ ತಟ್ಟೆಯಿಂದ ಒಂದು ಡೋನಟ್ ಎತ್ತಿಕೊಂಡಳು. ಶೇಷಾದ್ರಿ ಗಾಬರಿಯಾದ.

"ಏ ಅಂಬುಜಾ, ಏನು ಮಾಡ್ತಿದೀಯ? ಉಪವಾಸ ಅಲ್ವೇನೇ ನಿಂಗೆ?"

"ಮಕ್ಕಳ ಬಾಯಿಗೆ ಏನು ಹಾಕಿದೀನಿ ಅಂತ ನಂಗೆ ಗೊತ್ತಾಗ್ಬೇಕು ರೀ."

"ವ್ರತ ಮುರಿದು ಹೋಗುತ್ತೆ ಕಣೇ. ಇಷ್ಟು ವರ್ಷ ನಡೆಸ್ಕೊಂಡು ಬಂದಿದೀಯ."

"ಮಕ್ಕಳಿಗೆ ತಿನ್ನಲಾಗದ್ದನ್ನ ಕೊಟ್ಟು ನಾನು ಉಪವಾಸ ಕೂತ್ರೆ ದೇವಿ ಒಪ್ತಾಳೇನ್ರೀ?"

ಅಂಬುಜಾಕ್ಷಿ ದೇವಿಗೆ ಕೈ ಮುಗಿದು, ಕಡಿದಳು. ಹೊರಗೆ ಗಟ್ಟಿ, ಒಳಗೆ ಅಂಟು. ಸೇಬಿನ ವಾಸನೆಯೂ ಇಲ್ಲ. ಬಾಯಲ್ಲಿ ಹಸಿ ಮೈದಾ, ಅಡುಗೆ ಸೋಡಾದ ಒಗರು. ಉಗುಳಿಬಿಡಬೇಕು ಅನ್ನಿಸಿತು. ಉಗುಳಲಿಲ್ಲ. ಮಕ್ಕಳಿಗೆ ಕೊಟ್ಟದ್ದು ತನಗೂ ಆಗಲಿ ಎಂದು ಪೂರ್ತಿ ತಿಂದಳು. ಕಣ್ಣಲ್ಲಿ ನೀರು ಬಂತು. ಅದು ಅವಮಾನಕ್ಕೋ ಸೋಡಾಕ್ಕೋ, ಅವಳನ್ನೇ ಕೇಳಬೇಕು.

ಬೇರೆ ಯಾರಾದರೂ ಆಗಿದ್ದರೆ ಅಂಗಡಿಯಿಂದ ಮೈಸೂರುಪಾಕು ತಂದು ಮರ್ಯಾದೆ ಉಳಿಸಿಕೊಳ್ಳುತ್ತಿದ್ದರು. ಶೇಷಾದ್ರಿ ಅದನ್ನೇ ಸೂಚಿಸಿದ, ಚೀಲವನ್ನೂ ಕೈಗೆ ತಗೊಂಡ. ಅಂಬುಜಾಕ್ಷಿ ಚೀಲ ಕಿತ್ತುಕೊಂಡು, "ಸೇಬು ತನ್ನಿ," ಎಂದಳು.

ಮರುದಿನದಿಂದ ಮಧ್ಯಾಹ್ನವೆಲ್ಲ ಒಲೆಯ ಮುಂದೆ. ಸೇಬನ್ನು ಸಿಪ್ಪೆಸಮೇತ ತುರಿದು, ಬಟ್ಟೆಯಲ್ಲಿ ಕಟ್ಟಿ, ಕೈ ನೋಯುವ ತನಕ ಹಿಂಡಿದಳು. ದಪ್ಪ ತಳದ ಪಾತ್ರೆಯಲ್ಲಿ ರಸವನ್ನು ಸಣ್ಣ ಉರಿಯಲ್ಲಿಟ್ಟು ಕಾದಳು. ಪಾತ್ರೆ ತುಂಬ ಇದ್ದ ರಸ ಕುದಿಕುದಿದು ತಳದಲ್ಲಿ ಒಂದಿಷ್ಟು ಉಳಿಯಿತು. ಒಂದು ದಿನ ಕಣ್ಣು ತಪ್ಪಿ ತಳ ಹಿಡಿಯಿತು. ಅದರದ್ದೇ ಡೋನಟ್ ಮಾಡಿ, ದೇವಿಗೆ ತೋರಿಸಿ, ತಿಂದಳು. ಕಹಿ. ಇನ್ನೊಂದು ದಿನ ಮಜ್ಜಿಗೆ ಹೆಚ್ಚಾಯಿತು. ತಿಂದಳು. ಹುಳಿ. ಮತ್ತೊಂದು ದಿನ ಎಣ್ಣೆ ಸಾಕಷ್ಟು ಕಾದಿರಲಿಲ್ಲ, ಡೋನಟ್ ಎಣ್ಣೆ ಕುಡಿದು ಜೋತುಬಿತ್ತು. ಅದನ್ನೂ ತಿಂದಳು. ಆ ಸಂಜೆಗಳಲ್ಲಿ ಬಾಗಿಲಿಗೆ ಯಾರೂ ಬರಲಿಲ್ಲ. ಗೊಂಬೆಗಳ ಮುಂದೆ ದೀಪ ಹಚ್ಚಿ, ಅವಳು ಒಬ್ಬಳೇ ಆರತಿ ಮಾಡಿದಳು. ಮನಸ್ಸು ಭಾರವಾಗುತ್ತಿತ್ತು. ಮಾರನೆಯ ಮಧ್ಯಾಹ್ನ ಮತ್ತೆ ಸೇಬು ತುರಿಯಲು ಕೂರುತ್ತಿದ್ದಳು.

ಆಯುಧಪೂಜೆಯ ದಿನ ರಸ ಸೌಟಿಗೆ ಜೇನಿನಂತೆ ಅಂಟಿಕೊಂಡಿತು. ಹಿಟ್ಟು ಕೈಗೆ ಮೆತ್ತಗೆ ಹತ್ತಿತು. ಅವಳು ಹೆಚ್ಚು ಮೈದಾ ಸೇರಿಸಲಿಲ್ಲ, ಹಿಟ್ಟನ್ನು ಮುಚ್ಚಿಟ್ಟು ಸುಮ್ಮನೆ ಕೂತಳು. ಆಮೇಲೆ ಹಿಟ್ಟು ಲಟ್ಟಿಸಿ, ಡಬ್ಬಿಯ ಮುಚ್ಚಳದಲ್ಲಿ ಒತ್ತಿ, ನಡುವೆ ತೂತು ಮಾಡಿ, ಹದವಾದ ಉರಿಯಲ್ಲಿ ನಿಧಾನವಾಗಿ ಕರಿದಳು. ಮೊದಲನೆಯದು ದೇವಿಗೆ. ಎರಡನೆಯದು ಅವಳಿಗೆ. ಮುರಿದರೆ ಒಳಗೆ ಹತ್ತಿಯಂತೆ ಅರಳಿತ್ತು, ಸೇಬು ಘಮ್ಮೆಂದಿತು. ಅಂಬುಜಾಕ್ಷಿ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕಳು.

ಗೇಟಿಗೆ ಬಂದು ನೋಡಿದಳು. ಇಂಚರ ತನ್ನ ಸೈಕಲ್ ತೊಳೆದು ಚೆಂಡುಹೂವು ಕಟ್ಟುತ್ತಿದ್ದಳು.

"ಇಂಚರಾ, ಬಾಮ್ಮ ಇಲ್ಲಿ. ಬಾಗಿನ ತಗೊಂಡು ಹೋಗು."

ಹುಡುಗಿ ಬಂದಳು, ಆದರೆ ಹಿಂದೆ ಮುಂದೆ ನೋಡುತ್ತ. ತಟ್ಟೆ ನೋಡಿದಳು, ಅಂಬುಜಾಕ್ಷಿಯ ಮುಖ ನೋಡಿದಳು. "ಆಂಟಿ, ನೀವು..."

"ತಿಂದಿದೀನಿ ಕಣಮ್ಮ. ದಿನಾ ಇದನ್ನೇ ತಿಂದು ತಿಂದು ನಾಲಿಗೆ ಜಡ್ಡುಗಟ್ಟಿದೆ. ಮೊದಲು ಕೊಟ್ಟಿದ್ದು ಚೆನ್ನಾಗಿರಲಿಲ್ಲ, ನಂದೇ ತಪ್ಪು. ಇವತ್ತಿಂದು ಚೆನ್ನಾಗಿದೆ."

ತನ್ನ ಅಡುಗೆಯನ್ನು ತಾನೇ ಚೆನ್ನಾಗಿದೆ ಎಂದು ಅವಳು ಹೇಳಿದ್ದು ಜನ್ಮದಲ್ಲಿ ಅದೇ ಮೊದಲು.

ಇಂಚರ ಒಂದು ಚೂರು ಕಡಿದಳು. ಆಮೇಲೆ ಪೂರ್ತಿ ತಿಂದಳು. ಬೆರಳಿಗೆ ಅಂಟಿದ ಸಕ್ಕರೆ ನೆಕ್ಕಿದಳು. ಇನ್ನೊಂದು ಕೈ ಚಾಚಿ, "ಆಂಟಿ, ನಮ್ಮ ತಮ್ಮಂಗೆ ಒಂದು," ಎಂದಳು. ತಮ್ಮನ ಪಾಲಿನ ಆ ಡೋನಟ್ ಗೇಟಿನವರೆಗೂ ತಲುಪಲಿಲ್ಲ. ಅಂಬುಜಾಕ್ಷಿ ನೋಡುತ್ತಲೇ ಇದ್ದಳು. ಹೊಂಗೆಮರದ ಬುಡಕ್ಕೆ ಏನೂ ಬೀಳಲಿಲ್ಲ.

ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಸೈಕಲ್ ಬೆಲ್‌ಗಳ ಸದ್ದು ಕೇಳಿಸಿತು. ಬಾಗಿಲಲ್ಲಿ ಒಟ್ಟಿಗೆ ಕೂಗೆದ್ದಿತು. "ಗೊಂಬೆ ಕೂರ್ಸಿದೀರಾ?"

ನವರಾತ್ರಿ ಶುರುವಾದಾಗಿನಿಂದ ಆ ಮನೆಯಲ್ಲಿ ಗೊಂಬೆ ಕೂತೇ ಇತ್ತು. ಆದರೂ ಅಂಬುಜಾಕ್ಷಿ ಒಳಗಿಂದ ಓಡಿಬಂದು, "ಕೂರ್ಸಿದೀವಿ, ಬನ್ರೋ, ಬನ್ನಿ!" ಎಂದಳು.

ಮುಂದಿನ ವರ್ಷ ಅವಳು ಮತ್ತೆ ಉಪವಾಸ ಹಿಡಿದಳು. ಆದರೆ ಸೇಬು ಮಾರುಕಟ್ಟೆಗೆ ಬಂದ ದಿನವೇ, ನವರಾತ್ರಿಗೆ ಬಹಳ ಮುಂಚೆ, ಒಲೆ ಹಚ್ಚಿ ತಿಂದು ನೋಡುವ ಕೆಲಸ ಮುಗಿಸಿಕೊಂಡಳು.

ನೀತಿ: ಇನ್ನೊಬ್ಬರ ಕೈಗೆ ಕೊಡುವುದನ್ನು ಮೊದಲು ನಾವು ತಿಂದು ನೋಡಬೇಕು. ನಮ್ಮ ವ್ರತ, ನಮ್ಮ ಶ್ರದ್ಧೆ ಎಷ್ಟೇ ದೊಡ್ಡದಿರಲಿ, ಅದಕ್ಕಾಗಿ ಬೇರೆಯವರ ಹೊಟ್ಟೆ ಕಷ್ಟಪಡಬಾರದು. ತಪ್ಪು ನಮ್ಮದೇ ಎಂದು ಗೊತ್ತಾದ ದಿನ ಒಲೆ ಆರಿಸಿ ಅಳುತ್ತ ಕೂರಬೇಡಿ. ಮತ್ತೆ ಸೇಬು ತರಿಸಿ.