ಹಿತ್ತಾಳೆ ಪಂಜರದ ಗೋಸುಂಬೆ

ಕರೇಗುಡ್ಡ ಎಂಬ ಸಣ್ಣ ಪಾಳೆಯಪಟ್ಟನ್ನು ಬೋರನಾಯಕನೆಂಬುವನು ಆಳುತ್ತಿದ್ದ. ಕಲ್ಲುಬಂಡೆ, ಬಾರೆಪೊದೆ, ತಂಗಡಿ ಗಿಡಗಳ ಒಣನಾಡು ಅದು. ನಾಯಕ ಧೈರ್ಯವಂತ, ನ್ಯಾಯಕ್ಕೆ ತಲೆಬಾಗುವವನು. ಆದರೆ ಹೆಂಡತಿ ಸಿದ್ದವ್ವ ನಾಗತಿ ಸತ್ತ ಮೇಲೆ ಅವನು ಬೇರೆಯೇ ಮನುಷ್ಯನಾದ.

ಗಡಿಯ ಕಾಳಗ ಗೆದ್ದು ಅವನು ಮರಳಿದ ದಿನ, ಕೋಟೆಬಾಗಿಲಲ್ಲಿ ಒಬ್ಬ ಆಳು ಅಳುತ್ತ ನಿಂತಿದ್ದ. "ಬುದ್ಧೀ, ನಾಗತಿಯವರು ನಮ್ಮನ್ನ ಬಿಟ್ಟು ಹೋದರು" ಎಂದ. ನಾಯಕನಿಗೆ ದುಃಖ ತಡೆಯಲಾಗಲಿಲ್ಲ. ದುಃಖ ಸಿಟ್ಟಾಯಿತು. ಸುದ್ದಿ ಹೇಳಿದ ಆ ಬಡಪಾಯಿಯನ್ನೇ ಸಂಸಾರ ಸಮೇತ ಊರು ಬಿಡಿಸಿದ. "ಇನ್ನು ಮುಂದೆ ಕೆಟ್ಟ ಸುದ್ದಿ ಹೊತ್ತುಕೊಂಡು ನನ್ನ ಮುಂದೆ ಯಾರೂ ಬರಕೂಡದು" ಎಂದು ಕಟ್ಟಪ್ಪಣೆ ಮಾಡಿದ.

ಅಂದಿನಿಂದ ಅವನು ಏನು ಕೇಳಿದರೂ ಬರುವ ಉತ್ತರ ಒಂದೇ. ಮಳೆ ಹೇಗಿದೆ? ಚೆನ್ನಾಗಿದೆ. ದನಕರು ಹೇಗಿವೆ? ಚೆನ್ನಾಗಿವೆ. ಜನ ಹೇಗಿದ್ದಾರೆ? ನಿಮ್ಮ ಹೆಸರು ಹೇಳಿಕೊಂಡು ಸುಖವಾಗಿದ್ದಾರೆ.

ಅವನಿಗೆ ಒಬ್ಬಳೇ ಮಗಳು, ಬೊಮ್ಮಕ್ಕ. ಇನ್ನೂ ಲಂಗ ಎತ್ತಿಕಟ್ಟಿ ಹಿತ್ತಿಲಲ್ಲಿ ಓಡಾಡುವ ವಯಸ್ಸು. ತಾಯಿ ಇದ್ದಾಗ ಒಮ್ಮೆ ಬಾರೆಪೊದೆಯಿಂದ ಕೆಳಗೆ ಬಿದ್ದಿದ್ದ ಗೋಸುಂಬೆ ಮರಿಯೊಂದನ್ನು ಎತ್ತಿ ಮಗಳ ಬೆರಳಿಗೆ ಹತ್ತಿಸಿದ್ದಳು. ಅದು ಆ ಪುಟ್ಟ ಬೆರಳನ್ನು ಚಿಮಟದ ಹಾಗೆ ಹಿಡಿದುಕೊಂಡಿತು.

"ಹೆದರ್ಕೋಬೇಡ. ನಿನ್ನ ಬೆರಳನ್ನೇ ಕೊಂಬೆ ಅಂದ್ಕೊಂಡಿದೆ" ಎಂದು ತಾಯಿ ನಕ್ಕಿದ್ದಳು.

ಮಕ್ಕಳೇ, ಬಣ್ಣ ಬದಲಿಸುವ ಪ್ರಾಣಿಯೆಂದು ಗೋಸುಂಬೆಯ ಹೆಸರನ್ನು ನಾವು ಬೈಗುಳ ಮಾಡಿಬಿಟ್ಟಿದ್ದೇವೆ. ಬೊಮ್ಮಕ್ಕನಿಗೆ ಮಾತ್ರ ಅದು ತಾಯಿ ಕೈಯಾರೆ ಕೊಟ್ಟ ಜೀವ. ಹಿತ್ತಿಲಿನ ತಂಗಡಿ ಗಿಡದಲ್ಲಿ ಅದರ ವಾಸ. ಬಿಸಿಲಿಗೆ ಮೈಯೊಡ್ಡಿ ಎಲೆಯಂತೆ ಹಸಿರಾಗುತ್ತಿತ್ತು. ಒಂದು ಕಣ್ಣು ಮುಂದೆ, ಒಂದು ಕಣ್ಣು ಹಿಂದೆ ತಿರುಗಿಸುತ್ತ ಮಿಡತೆಗಾಗಿ ಕಾಯುತ್ತಿತ್ತು. ತಾಯಿ ಸತ್ತ ಮೇಲೆ ಬೊಮ್ಮಕ್ಕ ದಿನದ ಬಹುಪಾಲು ಆ ಗಿಡದ ಬುಡದಲ್ಲೇ ಕೂತಿರುತ್ತಿದ್ದಳು.

ನಾಯಕ ಅದನ್ನು ಕಂಡ. ಹದ್ದೋ ಬೆಕ್ಕೋ ಆ ಪ್ರಾಣಿಯನ್ನು ಕೊಂಡೊಯ್ದರೆ ಮಗಳ ಗತಿಯೇನು ಎಂದು ಅವನಿಗೆ ದಿಗಿಲಾಯಿತು. ಹೊಳೆಯುವ ಹಿತ್ತಾಳೆ ಪಂಜರ ಮಾಡಿಸಿದ. ಅದರೊಳಗೆ ನುಣುಪಾದ ಕೋಲು ಇಡಿಸಿದ, ಕುಡಿಯುವ ನೀರಿಗೆ ಬೆಳ್ಳಿ ಬಟ್ಟಲು ಇಡಿಸಿದ. ಪಂಜರವನ್ನು ಕಲ್ಲುಕಂಬದ ಹಜಾರದಲ್ಲಿ, ತನ್ನ ಪೀಠದ ಪಕ್ಕದಲ್ಲೇ ತೂಗುಹಾಕಿಸಿದ. ಅರಮನೆಯ ಹಕ್ಕಿ, ಜಿಂಕೆಗಳನ್ನು ನೋಡಿಕೊಳ್ಳುತ್ತಿದ್ದ ಕಾಟಯ್ಯನನ್ನು ಕರೆದು ಹೇಳಿದ:

"ಈ ಮನೆಯಿಂದ ಇನ್ನೊಂದು ಜೀವ ಹೋಗಕೂಡದು. ಕಾಟಾ, ಇದರ ಹೊಣೆ ನಿನ್ನದು."

ಗೋಸುಂಬೆಗೆ ಬಿಸಿಲು ಬೇಕು, ಎಲೆ ಬೇಕು ಎಂದು ಕಾಟಯ್ಯನಿಗೆ ಗೊತ್ತಿತ್ತು. ಆದರೆ ಅಷ್ಟು ಆಸೆಯಿಂದ ಮಾಡಿಸಿದ ಪಂಜರವನ್ನು ನೋಡಿ 'ಇದು ಸರಿಯಿಲ್ಲ' ಎನ್ನಲು ಅವನಿಗೆ ಬಾಯಿ ಬರಲಿಲ್ಲ. "ಆಗಲಿ ಬುದ್ಧೀ" ಎಂದ.

ಪ್ರತಿ ಬೆಳಿಗ್ಗೆ ನಾಯಕ ಪೀಠಕ್ಕೆ ಬಂದು ಕೂರುತ್ತಲೇ ಕೇಳುತ್ತಿದ್ದ, "ಗೋಸುಂಬೆ ಹೇಗಿದೆ?"

"ಚೆನ್ನಾಗಿದೆ ಬುದ್ಧೀ."

ಕೆಲವು ವಾರ ಆ ಮಾತು ನಿಜವೂ ಆಗಿತ್ತು.

ಕಾಯಿಲೆ ಬಂದದ್ದು ಸದ್ದಿಲ್ಲದೆ. ನಾಯಿಗೆ ನೋವಾದರೆ ಕುಂಯ್‌ಗುಟ್ಟುತ್ತದೆ, ಹಸುವಿಗೆ ನೋವಾದರೆ ನರಳುತ್ತದೆ. ಗೋಸುಂಬೆಗೆ ಅದೆಲ್ಲ ಬರುವುದಿಲ್ಲ. ಕಾಡಿನಲ್ಲಿ ಸೋತಂತೆ ಕಂಡದ್ದನ್ನು ಮೊದಲು ಹದ್ದು ಕುಕ್ಕುತ್ತದೆ. ಅದಕ್ಕೇ ಅದು ಶಕ್ತಿ ಇರುವವರೆಗೂ ಏನೂ ಆಗದಂತೆ ಕೊಂಬೆ ಹಿಡಿದು ಕೂತಿರುತ್ತದೆ. ಹಜಾರಕ್ಕೆ ಬರುವವರು ಅದನ್ನು ನೋಡಿ, "ಎಷ್ಟು ಸಾಧುವಾಗಿದೆ! ಅಲ್ಲಾಡುವುದೇ ಇಲ್ಲ" ಎಂದು ಹೊಗಳುತ್ತಿದ್ದರು.

ಆ ಹೊಗಳಿಕೆ ಕೇಳಿದಾಗಲೆಲ್ಲ ಕಾಟಯ್ಯ ಪಂಜರದ ಹತ್ತಿರ ಹೋಗಿ ನೋಡುತ್ತಿದ್ದ. ಮೊದಲು ಅವನು ಕಂಡದ್ದು ನಾಲಿಗೆಯ ಸೋಲು. ಮಿಡತೆಯತ್ತ ಬಾಣದಂತೆ ಹೋಗಿ ಬರುತ್ತಿದ್ದ ನಾಲಿಗೆ ಈಗ ಅರ್ಧದಲ್ಲೇ ನಿಲ್ಲುತ್ತಿತ್ತು. ಆಮೇಲೆ ಅದು ಮಿಡತೆಯನ್ನು ನೋಡುವುದನ್ನೇ ಬಿಟ್ಟಿತು. ಉಬ್ಬಿಕೊಂಡು ಸುತ್ತ ತಿರುಗುತ್ತಿದ್ದ ಕಣ್ಣುಗುಡ್ಡೆಗಳು ಗುಳಿಬಿದ್ದವು. ನಡುಹಗಲಲ್ಲೇ ಕಣ್ಣು ಮುಚ್ಚತೊಡಗಿತು. ಪಕ್ಕೆಯ ಚರ್ಮ ಸುಕ್ಕುಗಟ್ಟಿತು. ಬಣ್ಣ ಹಸಿರಿಗೂ ಬರಲಿಲ್ಲ, ಹಳದಿಗೂ ಬರಲಿಲ್ಲ, ಬೂದಿ ಕಲಸಿದ ಕೆಸರಿನಂತೆ ನಿಂತುಬಿಟ್ಟಿತು. ಬೆಳ್ಳಗಿರಬೇಕಾದ ಹಿಕ್ಕೆಯ ತುದಿ ಅರಿಶಿನದಂತೆ ಕಾಣಿಸಿತು.

'ಇದಕ್ಕೆ ನೀರು ಸಾಲುತ್ತಿಲ್ಲ' ಎಂದು ಅವನು ಮನಸ್ಸಿನಲ್ಲೇ ಅಂದುಕೊಂಡ.

ಅಷ್ಟರಲ್ಲಿ ನಾಯಕನ ದನಿ ಬಂತು. "ಗೋಸುಂಬೆ ಹೇಗಿದೆ ಕಾಟಾ?"

ಅರಮನೆಗೆ ಬರುವ ದಾರಿಯಲ್ಲಿ, ಊರು ಬಿಟ್ಟ ಆಳಿನ ಮನೆಯಿತ್ತು. ಮಾಡು ಕುಸಿದು, ಒಲೆಯ ಮೇಲೆ ಎಕ್ಕದ ಗಿಡ ಬೆಳೆದಿತ್ತು. ಕಾಟಯ್ಯ ದಿನವೂ ಅದನ್ನು ಹಾದು ಬರುತ್ತಿದ್ದ. ಅದು ಕಣ್ಣಮುಂದೆ ಬಂತು. ತನ್ನ ಹೆಂಡತಿ, ಮಕ್ಕಳು ಕಣ್ಣಮುಂದೆ ಬಂದರು.

"ಚೆನ್ನಾಗಿದೆ ಬುದ್ಧೀ" ಎಂದ.

ಅಂದು ಮಧ್ಯಾಹ್ನ ಹಜಾರದಲ್ಲಿ ಯಾರೂ ಇಲ್ಲದಾಗ ಅವನು ಒಂದು ತಂಗಡಿ ಕೊಂಬೆ ತಂದು ಪಂಜರಕ್ಕೆ ಸಿಕ್ಕಿಸಿ, ಎಲೆಗಳ ಮೇಲೆ ನೀರು ಚಿಮುಕಿಸಿದ. ಗೋಸುಂಬೆ ಮೆಲ್ಲಗೆ ಕಣ್ಣು ತೆರೆದು ಹನಿಗಳನ್ನು ನೆಕ್ಕಿತು. ಮತ್ತೆ ನೆಕ್ಕಿತು. ಅವನ ಬೆನ್ನ ಹಿಂದೆ ಬೊಮ್ಮಕ್ಕ ಬಂದು ನಿಂತಿದ್ದಳು.

"ಬಟ್ಟಲಲ್ಲಿ ಅಷ್ಟೊಂದು ನೀರಿದೆಯಲ್ಲ ಕಾಟಣ್ಣ?"

"ನಿಂತ ನೀರು ಇದಕ್ಕೆ ನೀರು ಅಂತಾನೇ ತಿಳಿಯಲ್ಲ ತಾಯಿ. ಎಲೆ ಮೇಲೆ ಹನಿ ಅಲ್ಲಾಡಬೇಕು. ಇಬ್ಬನಿ, ಮಳೆಹನಿ ಕುಡಿದು ಬೆಳೆದ ಜೀವ ಇದು."

"ಹಂಗಾದ್ರೆ ಇಷ್ಟು ದಿನ ಅದಕ್ಕೆ ಬಾಯಾರಿತ್ತಾ?"

ಕಾಟಯ್ಯ ತಲೆತಗ್ಗಿಸಿದ.

"ಅಪ್ಪಾಜಿಗೆ ಹೇಳ್ತೀನಿ."

"ಬೇಡ ತಾಯಿ, ಬೇಡ. ಅಪ್ಪಾಜಿಗೆ ಯಾಕೆ ಚಿಂತೆ? ನಾನೇ ಸರಿ ಮಾಡ್ತೀನಿ."

ಆ ಮಾತಿಗೆ ಬೊಮ್ಮಕ್ಕನ ಮುಖ ಕಪ್ಪಿಟ್ಟಿತು. ಅವಳು ತಿರುಗಿ ಒಳಗೆ ಹೋದಳು.

ಕದ್ದು ಚಿಮುಕಿಸಿದ ನೀರು ಸಾಲಲಿಲ್ಲ. ಬಿಸಿಲಿಲ್ಲದೆ ಅದರ ಕಾಲುಗಳು ಬಲ ಕಳೆದುಕೊಂಡಿದ್ದವು. ಒಂದು ದಿನ ಸಭೆ ನಡೆದಿರುವಾಗಲೇ ಗೋಸುಂಬೆಯ ಹಿಡಿತ ಸಡಿಲಿತು. ಅದು ಕೋಲಿನಿಂದ ಜಾರಿ ಪಂಜರದ ತಳಕ್ಕೆ ಬಿತ್ತು. ಹಿತ್ತಾಳೆಗೆ ಬಡಿದ ಆ ಸಣ್ಣ ಸದ್ದಿಗೆ ಇಡೀ ಸಭೆ ತಿರುಗಿ ನೋಡಿತು. ಬೊಮ್ಮಕ್ಕ ಓಡಿಬಂದಳು. ಬೆರಳು ಚಾಚಿದಳು. ಅದು ಹಿಡಿಯಲು ಕೈಯೆತ್ತಿತು. ಆಗಲಿಲ್ಲ.

ನಾಯಕ ಎದ್ದುನಿಂತ. "ಕಾಟಾ! ಏನಿದು? ಬೆಳಿಗ್ಗೆ ಚೆನ್ನಾಗಿದೆ ಅಂದೆ!"

ಕಾಟಯ್ಯ ಮುಂದೆ ಬಂದು ನಿಂತ. ಇನ್ನೂ ಒಂದು ಸುಳ್ಳಿಗೆ ಜಾಗವಿತ್ತು. 'ಈಗಷ್ಟೇ ಹೀಗಾಯಿತು ಬುದ್ಧೀ' ಎಂದಿದ್ದರೆ ಅವನು ಉಳಿದುಕೊಳ್ಳುತ್ತಿದ್ದನೇನೋ. ಆದರೆ ಹುಡುಗಿ ಅವನ ಮುಖವನ್ನೇ ನೋಡುತ್ತಿದ್ದಳು.

"ತುಂಬಾ ದಿನದಿಂದ ಕಾಯಿಲೆ ಬುದ್ಧೀ. ನಂಗೆ ಗೊತ್ತಿತ್ತು. ಈ ಪಂಜರದಲ್ಲಿ ಬಿಸಿಲಿಲ್ಲ. ಈ ಬಟ್ಟಲಿನ ನೀರು ಅದು ಕುಡಿಯಲ್ಲ. ನೀವು ಪ್ರೀತಿಯಿಂದ ಮಾಡಿಸಿದ್ದೇ ಅದಕ್ಕೆ ಕುತ್ತಾಯಿತು. ಸುಳ್ಳು ಹೇಳ್ಕೊಂಡು ಬಂದೆ. ತಪ್ಪು ನಂದು."

"ಗೊತ್ತಿದ್ದೂ ಯಾಕೆ ಬಾಯಿಬಿಡಲಿಲ್ಲ?" ನಾಯಕ ಗುಡುಗಿದ.

ಸಭೆಯಲ್ಲಿದ್ದವರೆಲ್ಲ ನೆಲ ನೋಡಿದರು. ನಾಯಕ ಕಾಟಯ್ಯನನ್ನು ಕಟ್ಟಿಹಾಕಿಸಲು ಕೈಯೆತ್ತಿದ. ಅಷ್ಟರಲ್ಲಿ ಬೊಮ್ಮಕ್ಕ ಅಳುತ್ತಲೇ ಹೇಳಿದಳು.

"ಅವ್ವನೂ ಹಿಂಗೇ ಮಾಡಿದ್ಲು ಅಪ್ಪಾಜಿ. ಮೊದಲು ಊಟ ಬಿಟ್ಲು. ಆಮೇಲೆ ಹಗಲೆಲ್ಲ ಕಣ್ಣು ಮುಚ್ಕೊಂಡು ಕೂರೋಳು. ನಾನು ನೋಡಿದ್ದೆ. ಅಪ್ಪಾಜಿಗೆ ಹೇಳ್ತೀನಿ ಅಂದೆ. ಅವರು ಕಾಳಗಕ್ಕೆ ಹೊರಟಿದ್ದಾರೆ, ಚಿಂತೆ ಹಚ್ಚಬೇಡ, ಯಾರಿಗೂ ಹೇಳಬೇಡ ಅಂದ್ಲು. ನಾನು ಹೇಳಲಿಲ್ಲ."

ನಾಯಕನ ಎತ್ತಿದ ಕೈ ಹಾಗೇ ಇಳಿಯಿತು. ತಾನು ಕಾಳಗಕ್ಕೆ ಹೊರಟ ದಿನ ಸಿದ್ದವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಹುಷಾರಾಗಿದ್ದೀಯಾ ಎಂದು ಅವನು ಕುದುರೆಯ ಮೇಲಿಂದಲೇ ಕೇಳಿದ್ದ. ಚೆನ್ನಾಗಿದ್ದೀನಿ ಎಂದಿದ್ದಳು. ಅವಳ ಮಾತು ಕೇಳಿದ್ದ, ಮುಖ ನೋಡಿರಲಿಲ್ಲ.

ಅವನು ಕೆಳಗೆ ಕೂತು ಮಗಳನ್ನು ತಬ್ಬಿಕೊಂಡ. "ನಿನ್ನ ತಪ್ಪಲ್ಲ ಕಂದಾ. ನೋಡಬೇಕಾದವನು ನಾನು" ಎಂದ.

ಆಮೇಲೆ ತಾನೇ ಪಂಜರದ ಬಾಗಿಲು ತೆರೆದು, ಗೋಸುಂಬೆಯನ್ನು ಅಂಗೈ ಮೇಲೆ ಇಟ್ಟುಕೊಂಡು ಹಿತ್ತಿಲಿಗೆ ನಡೆದ. ಕಾಟಯ್ಯ ತೋರಿಸಿದ ಕಡೆ, ಎಳೆಬಿಸಿಲು ಬೀಳುವ ರೆಂಬೆಗೆ ಅದನ್ನು ಒರಗಿಸಿದರು. ಎಲೆಗಳ ಮೇಲೆ ನೀರು ಚಿಮುಕಿಸಿದರು. ಅದು ಹನಿ ನೆಕ್ಕಿತು. ಸ್ವಲ್ಪ ಹೊತ್ತಿಗೆ ಅದರ ಬೆನ್ನಿನ ಮೇಲೆ ಮಾಸಲು ಹಸಿರು ಮೂಡಿತು.

"ಬದುಕ್ತದೆ! ಅಲ್ವಾ ಕಾಟಣ್ಣ?" ಎಂದಳು ಬೊಮ್ಮಕ್ಕ.

ಕಾಟಯ್ಯ ನಾಯಕನ ಕಡೆ ನೋಡಿದ. ನಾಯಕ, "ಇದ್ದದ್ದು ಹೇಳು" ಎಂದ.

"ನೀರು ಕುಡೀತು ತಾಯಿ. ಅದಕ್ಕೆ ಹಾಯಾಗಿದೆ. ಆದ್ರೆ ಬದುಕ್ತದೆ ಅಂತ ನಾನು ಹೇಳಲಾರೆ. ತಡವಾಗಿದೆ."

ತಡವಾಗಿಯೇ ಇತ್ತು. ಗೋಸುಂಬೆ ಒಂದೆರಡು ದಿನ ಬಿಸಿಲಿಗೆ ಮೈಯೊಡ್ಡಿತು, ಹನಿ ಕುಡಿಯಿತು, ಆಮೇಲೆ ರೆಂಬೆಯ ಮೇಲೆಯೇ ಪ್ರಾಣ ಬಿಟ್ಟಿತು. ಬೊಮ್ಮಕ್ಕ ಅತ್ತಳು. ಆದರೆ ಅದು ಉಳಿಯಲಾರದೆಂದು ಈ ಸಲ ಅವಳಿಗೆ ಮೊದಲೇ ತಿಳಿದಿತ್ತು. ಅದರ ಬಳಿ ಕೂತಿರಲು, ಮೈ ಸವರಲು ಅವಳಿಗೆ ಹೊತ್ತು ಸಿಕ್ಕಿತ್ತು.

ಮರುದಿನ ಸಭೆಯಲ್ಲಿ ನಾಯಕ ಕಾಟಯ್ಯನನ್ನು ದಂಡಿಸಲಿಲ್ಲ. "ಸುಳ್ಳು ಹೇಳಿದ್ದು ನಿನ್ನ ತಪ್ಪು. ಸುಳ್ಳು ಹೇಳುವ ಹಾಗೆ ಮಾಡಿದ್ದು ನನ್ನದು" ಎಂದ. ತಾನು ಊರು ಬಿಡಿಸಿದ್ದ ಸಂಸಾರವನ್ನು ಕರೆತರಲು ಆಳು ಕಳಿಸಿದ. ಆಮೇಲೆ ಎಲ್ಲರ ಮುಖ ನೋಡುತ್ತ ಕೇಳಿದ, "ನನಗೆ ಹೇಳದೆ ಇನ್ನೇನೇನು ಮುಚ್ಚಿಟ್ಟಿದ್ದೀರಿ?"

ಕೊನೆಗೆ ಮುದಿ ಪಾರುಪತ್ಯಗಾರ ಊರುಗೋಲು ಹಿಡಿದು ಎದ್ದ.

"ಕೆಳಗಿನ ಹಟ್ಟಿಯಲ್ಲಿ ವಾಂತಿಭೇದಿ ಹಬ್ಬಿದೆ ಬುದ್ಧೀ. ಕುಡಿಯೋ ಕುಂಟೆಯ ನೀರು ಕೆಟ್ಟಿದೆ. ಜನ ಸಾಯ್ತಾ ಇದ್ದಾರೆ."

ನಾಯಕನ ಮುಖ ಬಿಳಿಚಿತು. ಆದರೆ ಅವನು ಬೈಯಲಿಲ್ಲ. "ಹೇಳಿದ್ದು ಒಳ್ಳೇದಾಯ್ತು ಅಜ್ಜಾ. ನಡೀರಿ" ಎಂದು ಎದ್ದ. ವೈದ್ಯರನ್ನು ಕರೆದುಕೊಂಡು, ಕಾಯಿಸಿದ ನೀರಿನ ಹಂಡೆಗಳನ್ನು, ಗಂಜಿಯನ್ನು ಗಾಡಿಗಳಲ್ಲಿ ಹೇರಿಸಿಕೊಂಡು ತಾನೇ ಹಟ್ಟಿಗೆ ಇಳಿದ.

ಮೊದಲ ಗುಡಿಸಲಲ್ಲಿ ಒಬ್ಬ ಹೆಂಗಸು ನಾಯಕನನ್ನು ಕಂಡು, ಗೋಡೆ ಹಿಡಿದು ಏಳಲು ನೋಡಿದಳು. ಸೆರಗು ಸರಿಮಾಡಿಕೊಂಡು ನಗಲು ಯತ್ನಿಸಿದಳು.

"ನಂಗೇನಾಗಿಲ್ಲ ಬುದ್ಧೀ. ಸ್ವಲ್ಪ ಸುಸ್ತು, ಅಷ್ಟೇಯ."

ನಾಯಕ ಅವಳ ಮುಖ ನೋಡಿದ. ಕಣ್ಣು ಗುಳಿಬಿದ್ದಿತ್ತು. ತುಟಿ ಒಡೆದಿತ್ತು. ಮುಂಗೈಯ ಚರ್ಮ ಸುಕ್ಕುಗಟ್ಟಿ, ಚಿವುಟಿದರೆ ಮಡಿಕೆಯಾಗಿಯೇ ನಿಲ್ಲುತ್ತಿತ್ತು. ಗೋಡೆ ಹಿಡಿದ ಬೆರಳುಗಳು ಜಾರುತ್ತಿದ್ದವು.

"ಏಳಬೇಡವ್ವ. ಮಲಕ್ಕೋ" ಎಂದು ಅವಳನ್ನು ಚಾಪೆಯ ಮೇಲೆ ಒರಗಿಸಿ, ತಿಳಿಗಂಜಿಯನ್ನು ಗುಟುಕು ಗುಟುಕಾಗಿ ತಾನೇ ಕುಡಿಸಿದ. ಅವಳು ಕುಡಿದು ಮುಗಿಸುವವರೆಗೂ ಅಲ್ಲಿಂದ ಏಳಲಿಲ್ಲ.

ಆ ಹಟ್ಟಿಯಲ್ಲಿ ಎಲ್ಲರೂ ಉಳಿಯಲಿಲ್ಲ. ಆದರೆ ಬಹಳ ಮಂದಿ ಉಳಿದರು. ಆ ಹೆಂಗಸೂ ಉಳಿದಳು. ಕೆಟ್ಟ ಕುಂಟೆಗೆ ಬೇಲಿ ಹಾಕಿಸಿ, ಬೇರೆ ಬಾವಿ ತೋಡಿಸಿದರು.

ಹಟ್ಟಿಗೆ ಇಳಿದ ಆ ದಿನ ಸಂಜೆ ನಾಯಕ ಮನೆಗೆ ಬಂದಾಗ ಬೊಮ್ಮಕ್ಕ ಬಾಗಿಲಲ್ಲಿ ಕಾಯುತ್ತಿದ್ದಳು. "ಹಟ್ಟಿಯವರು ಹೇಗಿದ್ದಾರೆ ಅಪ್ಪಾಜಿ?" ಎಂದು ಕೇಳಿದಳು. ಮಗು ಹೆದರೀತೆಂದು ಅವನು ಒಂದು ಗಳಿಗೆ ತಡೆದ. ಆಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸತ್ತವರ ಸುದ್ದಿಯನ್ನೂ ಉಳಿದವರ ಸುದ್ದಿಯನ್ನೂ ಇದ್ದದ್ದು ಇದ್ದಂತೆ ಹೇಳಿದ. ಅವಳು ಅವನ ಕೈ ಹಿಡಿದುಕೊಂಡು ಪೂರ್ತಿ ಕೇಳಿದಳು.

ನೀತಿ: ನೋವನ್ನು ಹೇಳಿಕೊಳ್ಳಲಾಗದ ಜೀವಗಳು ಬಹಳ. ಕೆಲವಕ್ಕೆ ಬಾಯಿಲ್ಲ, ಕೆಲವಕ್ಕೆ ಬಾಯಿದ್ದೂ ಧೈರ್ಯವಿಲ್ಲ. ನಮ್ಮನ್ನು ನಂಬಿದವರು 'ಚೆನ್ನಾಗಿದ್ದೇನೆ' ಎಂದರೆ ಮಾತು ಕೇಳಿ ಮುಂದೆ ಹೋಗಬಾರದು, ಹತ್ತಿರ ಕೂತು ಮುಖ ನೋಡಬೇಕು. ಕೆಟ್ಟ ಸುದ್ದಿ ತಂದವರ ಮೇಲೆ ಸಿಟ್ಟಾಗುವ ಮನೆಯಲ್ಲಿ ಕಾಯಿಲೆ ವಾಸಿಯಾಗುವುದಿಲ್ಲ, ಅಡಗಿ ಬೆಳೆಯುತ್ತದೆ.