ಹರಿಗೋಲಿಗೆ ಹಾಕಿದ ತೇಪೆ

"ಕೇಳ್ರಪ್ಪೋ ಕೇಳಿ. ಹೊತ್ತು ಮುಳುಗಿದ ಮೇಲೆ ಹೊಳೆ ದಾಟಿಸಿದ ಅಂಬಿಗರ ಬೊಮ್ಮನಿಗೆ ಹುಣ್ಣಿಮೆಯ ಬೆಳಿಗ್ಗೆ ಗಲ್ಲು. ಅದಕ್ಕೆ ಮೊದಲು ದೊರೆಯ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರಿಗೂ ಗಲ್ಲೇ." ಡಂಗುರದವನು ಊರೆಲ್ಲ ಸುತ್ತಿ ಸಾರಿದ.

ಈ ಕಟ್ಟಳೆ ದೊರೆ ಕೇತರಸನ ಅಜ್ಜನದು. ಒಮ್ಮೆ ಕತ್ತಲಲ್ಲಿ ಹೊಳೆ ದಾಟಿ ಬಂದ ಶತ್ರುಗಳು ಊರನ್ನೇ ಸುಟ್ಟಿದ್ದರು. ಅಂದಿನಿಂದ ರಾತ್ರಿ ಹರಿಗೋಲು ನೀರಿಗಿಳಿಯಬಾರದು. ಬೊಮ್ಮ ಇಳಿಸಿದ್ದು ಆಚೆ ದಡದಲ್ಲಿ ಹೆರಿಗೆಬೇನೆ ತಿನ್ನುತ್ತಿದ್ದವಳಿಗೆ ಸೂಲಗಿತ್ತಿಯನ್ನು ಮುಟ್ಟಿಸಲು. ಕೇತರಸ ಕೆಟ್ಟವನಲ್ಲ. ಬಿಟ್ಟರೆ ಅಜ್ಜನ ಮಾತು ಹೋಗುತ್ತದೆ, ಕೊಂದರೆ ನಿದ್ದೆ ಹೋಗುತ್ತದೆ. ತನಗೇ ಬಿಡಿಸಲಾಗದ್ದನ್ನು ಒಗಟು ಮಾಡಿ ಊರಿನ ಮುಂದಿಟ್ಟ. ದೊರೆಗಳ ಚಾಳಿಯೇ ಅದು.

ಮೊದಲು ಬಂದವನು ಮಂತ್ರಿಯ ಅಳಿಯ. "ಎಲ್ಲ ಬಾಗಿಲನ್ನೂ ಕಾಯುತ್ತದೆ. ಕಳ್ಳನನ್ನೂ ಹಿಡಿಯುತ್ತದೆ, ಮಳೆಗೆ ಆಸರೆ ಕೇಳಿ ಬಂದವನನ್ನೂ ಹಿಡಿಯುತ್ತದೆ. ಯಾವುದು?" ಎಂದ ದೊರೆ. "ಮುದಿ ನಾಯಿ" ಎಂದು ಅಳಿಯ ಮೀಸೆ ತಿರುವಿದ; ಮೀಸೆ ಸಮೇತ ಸೆರೆಮನೆ ಸೇರಿದ. ಆಸ್ಥಾನದ ಪಂಡಿತರೊಬ್ಬರು "ಕಟ್ಟಳೆ" ಎಂದು ಅದನ್ನು ಗೆದ್ದರು. ಎರಡನೆಯದು ಬಂತು: "ಕೈಯಲ್ಲಿ ಬೆತ್ತವಿಲ್ಲ, ಯಾರ ಆಳೂ ಅಲ್ಲ. ಯಾರೂ ನೋಡದಲ್ಲಿಯೂ ಮನುಷ್ಯನನ್ನು ನಿಲ್ಲಿಸುತ್ತದೆ, ನಡೆಸುತ್ತದೆ." ಪಂಡಿತರು "ಭಯ" ಎಂದರು. ಅವರೂ ಒಳಗೆ ಹೋದರು. ಆಮೇಲೆ ಯಾರೂ ಮುಂದೆ ಬರಲಿಲ್ಲ.

ಕೊನೆಗೆ ಬೊಮ್ಮನ ತಂಗಿ ದುರುಗಿ ಹೊಳೆಯಿಂದ ಒದ್ದೆ ಸೆರಗಿನಲ್ಲೇ ಬಂದು ನಿಂತಳು.

"ಮೊದಲನೇದು ಪಂಡಿತರು ಹೇಳಿದ್ದೇ, ಬುದ್ಧಿ. ಎರಡನೇದು ಧರ್ಮ. ಆ ರಾತ್ರಿ ನಮ್ಮಣ್ಣನ್ನ ಕಾವಲಿನವ್ರು ಯಾರೂ ನೋಡಿರ್ಲಿಲ್ಲ. ಹರಿಗೋಲು ಕವುಚಿ ಹಾಕಿ ಮಲಗಬಹುದಾಗಿತ್ತು. ತಾನೇ ಚೌಕಿಗೆ ಹೋಗಿ, ಕಟ್ಟಳೆ ಮೀರಿದೀನಿ ಅಂದ. ಹೊಳೆಗೆ ಇಳಿಸಿದ್ದೂ ಭಯ ಅಲ್ಲ, ಚೌಕಿಗೆ ನಡೆಸಿದ್ದೂ ಭಯ ಅಲ್ಲ."

ದೊರೆಗೆ ಈ ಸಂಗತಿ ಗೊತ್ತಿರಲಿಲ್ಲ. ತಾವೇ ಹಿಡಿದು ತಂದೆವೆಂದು ಕಾವಲಿನವರು ಹೇಳಿಕೊಂಡಿದ್ದರು.

"ಮೂರನೆಯದು," ಎಂದ ದೊರೆಯ ದನಿ ಇಳಿದಿತ್ತು. "ಇವೆರಡೂ ಜಗಳಕ್ಕೆ ಬಿದ್ದರೆ ಯಾವುದನ್ನು ಉಳಿಸಿಕೊಳ್ಳಲಿ?"

"ಹರಿಗೋಲಿಗೆ ಮೊದಲು ಬಿದಿರು ಹೆಣೀತೀವಿ, ಆಮೇಲೆ ತೊಗಲು ಹೊದಿಸ್ತೀವಿ. ಬಿದಿರಿಲ್ಲದ ತೊಗಲು ಮುದುಡಿ ಮುಳುಗ್ತದೆ. ತೊಗಲಿಲ್ಲದ ಬಿದಿರು ಬರೀ ಬುಟ್ಟಿ. ಧರ್ಮ ಬಿದಿರು, ಕಟ್ಟಳೆ ತೊಗಲು, ಎರಡೂ ಬೇಕು. ಬಿದಿರು ಒತ್ತಿ ತೊಗಲು ಹರಿದ್ರೆ ನಾವು ಬಿದಿರು ಮುರಿಯಲ್ಲ, ತೊಗಲೂ ಬಿಸಾಡಲ್ಲ ಬುದ್ಧಿ. ತೇಪೆ ಹಾಕ್ತೀವಿ."

ಕೇತರಸ ತನಗರಿವಿಲ್ಲದೆ ಎದ್ದು ನಿಂತಿದ್ದ. "ಗೆದ್ದೆ, ತಾಯಿ. ಅಣ್ಣನ ಪ್ರಾಣ ತಾನೇ? ಕೊಟ್ಟೆ."

"ಬ್ಯಾಡ ಬುದ್ಧಿ. ಅವನೊಬ್ಬನ್ನ ಬಿಟ್ರೆ ಅದು ನಿಮ್ಮ ದಯೆ ಅಷ್ಟೆ. ನಾಳೆ ಸಿಕ್ಕಿಬೀಳೋ ಅಂಬಿಗನಿಗೆ ತಂಗಿ ಇರ್ತಾಳೋ ಇಲ್ಲವೋ. ಕಟ್ಟಳೆಗೇ ತೇಪೆ ಹಾಕಿ."

ಅಂದೇ ಹೊಳೆದಂಡೆಯ ಕಲ್ಲಿನಲ್ಲಿ ಅಜ್ಜನ ಮಾತಿನ ಕೆಳಗೆ ಇನ್ನೊಂದು ಸಾಲು ಕೆತ್ತಿದರು: ಜೀವ ಉಳಿಸಲು ದಾಟುವವರು ಚೌಕಿಗೆ ಕೂಗಿ ಹೇಳಿ ದಾಟಲಿ. ಒಗಟು ತಪ್ಪಿದವರಿಗೆ ಗಲ್ಲೆಂಬ ಡಂಗುರವನ್ನೂ ದೊರೆ ತುಸು ನಾಚಿಕೊಂಡೇ ಹಿಂದಕ್ಕೆ ಪಡೆದ. ಅಳಿಯ, ಪಂಡಿತರು ಬದುಕಿಕೊಂಡರು. ಹೊಳೆ ದಾಟಿಸುವ ಆ ಕಡವು ದುರುಗಿಯ ಮನೆಯವರಿಗೆ ಉಂಬಳಿಯಾಯಿತು.

ಸೆರೆಯಿಂದ ಕರೆತಂದ ಬೊಮ್ಮ ಗಲ್ಲು ತಪ್ಪಿದ ವಿಷಯ ಎತ್ತಲೇ ಇಲ್ಲ. ತಂಗಿಯನ್ನು ಕೇಳಿದ: "ಆವತ್ತು ಹುಟ್ಟಿದ್ದು ಗಂಡೋ ಹೆಣ್ಣೋ? ನನಗ್ಯಾರೂ ಹೇಳ್ಲಿಲ್ಲ."

"ಹೆಣ್ಣು ಕಣಣ್ಣ. ತಾಯಿ ಮಗು ಇಬ್ರೂ ಚೆನ್ನಾಗಿದಾರೆ."

ಕೇತರಸ ತಲೆ ತಗ್ಗಿಸಿದ. ಇಷ್ಟು ದಿನದಲ್ಲಿ ಅವನು ಅದನ್ನು ಕೇಳಿಯೇ ಇರಲಿಲ್ಲ.